ಕಲ್ಲುಬಾನಿಯ ಮೇಲೊಂದು ಸಹಿ

ಬ್ಯಾಂಕಿನವರಿಗೆ ಸಹಿ ಎಂದರೆ ಅರ್ಧ ಮನುಷ್ಯ ಇದ್ದ ಹಾಗೆ. ಉಳಿದರ್ಧ ಕೌಂಟರಿನ ಆಚೆ ನಿಂತಿರುತ್ತದೆ. ಮುಂಬಯಿಯ ಬೇರೆ ಬೇರೆ ಶಾಖೆಗಳಲ್ಲಿ 36 ವರ್ಷ ಚೆಕ್ಕಿನ ಸಹಿಯನ್ನು ಸ್ಪೆಸಿಮನ್ ಕಾರ್ಡಿನ ಸಹಿಯೊಂದಿಗೆ ತಾಳೆ ನೋಡಿದವನು ನಾನು. ದೇವನಾಗರಿ, ಗುಜರಾತಿ, ಉರ್ದು, ಇಂಗ್ಲಿಷು, ಅಪರೂಪಕ್ಕೊಮ್ಮೆ ನಮ್ಮ ಕನ್ನಡ, ಇವು ಯಾವುದೂ ಬಾರದವರ ಹೆಬ್ಬೆಟ್ಟು ಎಲ್ಲವೂ ನನ್ನ ಮೇಜಿನ ಮೇಲೆ ಹಾದುಹೋಗಿವೆ. ನಿವೃತ್ತನಾದ ಮೇಲೂ ಕಣ್ಣು ಆ ಚಾಳಿಯನ್ನು ಬಿಟ್ಟಿಲ್ಲ. ಲಗ್ನಪತ್ರಿಕೆ ಬಂದರೂ ಕೆಳಗಡೆ ಯಾರ ಸಹಿ ಎಂದು ಹುಡುಕುತ್ತದೆ ಅಂತ ಮನೆಯಾಕೆಯ ತಮಾಷೆ.

ನಾನು ನೋಡಿದ ಸಹಿಗಳಲ್ಲಿ ಮನಸ್ಸಿನಲ್ಲಿ ಕೂತುಬಿಟ್ಟದ್ದು ಒಂದು ಕಲ್ಲಿನ ಬಾನಿಯ ಮೇಲಿದೆ. ಅದನ್ನು ಹಾಕಿದ ಪುಣ್ಯಾತ್ಮ ತೀರಿಕೊಂಡು ಹೆಚ್ಚುಕಡಿಮೆ 850 ವರ್ಷಗಳಾಗಿರಬೇಕು.

ಇಂಗ್ಲೆಂಡಿನ ವಾಯವ್ಯ ಮೂಲೆಯಲ್ಲಿ, ಸ್ಕಾಟ್ಲೆಂಡಿನ ಗಡಿಗೆ ತಾಗಿಕೊಂಡು ಕಂಬ್ರಿಯಾ ಎಂಬ ಸೀಮೆ ಇದೆ. ಗುಡ್ಡ, ಸರೋವರ, ಕುರಿ, ಮಳೆ. ಮಳೆಯ ವಿಷಯದಲ್ಲಿ ನಮ್ಮ ಉಡುಪಿ ಕಡೆಯವರಿಗೆ ಪರಕೀಯ ಅನ್ನಿಸುವುದಿಲ್ಲ, ಚಳಿಯ ಮಾತು ಬೇರೆ. ಅಲ್ಲಿ ಕಾಕರ್‌ಮತ್ ಎಂಬ ಸಣ್ಣ ಪೇಟೆ, ಕವಿ ವರ್ಡ್ಸ್‌ವರ್ತ್ 1770ರಲ್ಲಿ ಹುಟ್ಟಿದ ಊರು. ಅದರ ಉತ್ತರಕ್ಕೆ ಎರಡು ಮೈಲಿ ಹೋದರೆ ಬ್ರೈಡ್‌ಕರ್ಕ್ ಎಂಬ ಹಳ್ಳಿ. ಹಳ್ಳಿಯ ಸೇಂಟ್ ಬ್ರಿಜೆಟ್ ಚರ್ಚಿನಲ್ಲಿ ಆ ಬಾನಿ ಇದೆ. ಮಗಳು ಕಾರ್ಲೈಲ್‌ನ ಆಸ್ಪತ್ರೆಯಲ್ಲಿ ಕೆಲಸಕ್ಕಿರುವುದರಿಂದ 2023ರ ಬೇಸಿಗೆಯಲ್ಲಿ ನಮ್ಮ ಸವಾರಿ ಆ ಕಡೆ ಹೋಗಿತ್ತು.

ಬಾನಿ ಎಂದರೆ ಸ್ನಾನದ ಮನೆಯ ಬಾನಿ ಅಂದುಕೊಳ್ಳಬೇಡಿ. ಕ್ರೈಸ್ತರಲ್ಲಿ ಮಗುವಿಗೆ ದೀಕ್ಷಾಸ್ನಾನ ಕೊಡುವಾಗ ನೀರು ತುಂಬಿಡುವ ಕಲ್ಲಿನ ಪಾತ್ರೆ ಅದು. ಇಂಗ್ಲೆಂಡಿನ ಹಳೆಯ ಚರ್ಚುಗಳಲ್ಲಿ ಇದು ಸಾಮಾನ್ಯವಾಗಿ ಬಾಗಿಲಿನ ಹತ್ತಿರವೇ ಇರುತ್ತದೆ. ದೀಕ್ಷಾಸ್ನಾನ ಎಂದರೆ ಸಭೆಯೊಳಕ್ಕೆ ಪ್ರವೇಶ, ಆದ್ದರಿಂದ ಪ್ರವೇಶದ್ವಾರದ ಬಳಿಯೇ ಅದರ ಜಾಗ. ಮಗು ಅಳುತ್ತಾ ಬರುತ್ತದೆ, ಹೆಸರು ಹೊತ್ತುಕೊಂಡು ಹೋಗುತ್ತದೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಖಾತೆ ತೆರೆಯುವ ಕೌಂಟರು. ಲೆಡ್ಜರೂ ಉಂಟು. 1538ರಲ್ಲಿ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಂವೆಲ್ ಪ್ರತಿಯೊಂದು ಚರ್ಚೂ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ಹುಕುಂ ಹೊರಡಿಸಿದ. ಬೀಗದ ವ್ಯವಸ್ಥೆ ಅದಕ್ಕಿಂತಲೂ ಹಳೆಯದು. ಮಂತ್ರಿಸಿದ ನೀರನ್ನು ಜನ ಮಾಟಮಂತ್ರಕ್ಕೆ ಕದ್ದೊಯ್ಯುತ್ತಾರೆಂದು, ಬಾನಿಗಳಿಗೆ ಮುಚ್ಚಳ ಹಾಕಿ ಬೀಗ ಜಡಿಯಬೇಕೆಂದು 1236ರಲ್ಲಿಯೇ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಎಡ್ಮಂಡ್ ಆಜ್ಞೆ ಮಾಡಿದ್ದ. ಎಷ್ಟೋ ಬಾನಿಗಳ ಅಂಚಿನಲ್ಲಿ ಆ ಕಬ್ಬಿಣದ ಕೊಂಡಿ ಕೂತಿದ್ದ ಗುರುತು ಇವತ್ತಿಗೂ ಕಾಣುತ್ತದೆ.

ಇಷ್ಟು ಜೋಪಾನ ಮಾಡಿದ್ದನ್ನೇ 1640ರ ದಶಕದ ಅಂತರ್ಯುದ್ಧದ ಕಾಲದಲ್ಲಿ, ಇವೆಲ್ಲ ಪೋಪನ ಕಾಲದ ಮೂಢನಂಬಿಕೆ ಎಂದು ಕಿತ್ತು ಹೊರಗೆ ಹಾಕಿಸಿದರು. ಕೆಲವು ಬಾನಿಗಳು ರೈತರ ಅಂಗಳ ಸೇರಿ ದನಕರುಗಳಿಗೆ ನೀರು ಕುಡಿಸುವ ತೊಟ್ಟಿಗಳಾದವು. ಇದನ್ನು ಓದಿದಾಗ ನನಗೆ ಊರಿನ ನಮ್ಮ ಬಾವಿಕಟ್ಟೆಯ ಪಕ್ಕದಲ್ಲಿದ್ದ ಕಲ್ಲಿನ ಮರಿಗೆ ನೆನಪಾಯಿತು, ಅಕ್ಕಚ್ಚು ಸುರಿದರೆ ದನಗಳು ಸರಬರ ಕುಡಿಯುತ್ತಿದ್ದವು. ಕಲ್ಲಿನ ಗುಣವೇ ಅದು. ಮೇಲೆ ಏನು ಬರೆದಿದೆ ಎಂಬುದು ದನಕ್ಕೆ ಬೇಡ, ನೀರು ನಿಂತರೆ ಸಾಕು.

ಬ್ರೈಡ್‌ಕರ್ಕ್‌ನ ಬಾನಿ 12ನೇ ಶತಮಾನದ ನಡುವಿನದು. ಚರ್ಚಿನ ಈಗಿನ ಕಟ್ಟಡವನ್ನು 1868ರಿಂದ 1870ರ ನಡುವೆ ಹೊಸದಾಗಿ ಕಟ್ಟಿದ್ದು. ಕಟ್ಟಡ ಬದಲಾದರೂ ಬಾನಿ ಬದಲಾಗಲಿಲ್ಲ. ಚೌಕಾಕಾರ, ನಾಲ್ಕೂ ಮುಖಗಳಲ್ಲಿ ಕೆತ್ತನೆ. ಒಂದು ಕಡೆ ಯೋಹಾನನು ಯೇಸುವಿಗೆ ದೀಕ್ಷಾಸ್ನಾನ ಮಾಡಿಸುತ್ತಿದ್ದಾನೆ, ಮೇಲೆ ಪಾರಿವಾಳ. ಇನ್ನೊಂದು ಕಡೆ ಆದಾಮ ಮತ್ತು ಹವ್ವೆಯನ್ನು ದೇವದೂತ ತೋಟದಿಂದ ಹೊರಗೆ ಅಟ್ಟುತ್ತಿದ್ದಾನೆ. ಊರು ಬಿಟ್ಟು ಹೊಟ್ಟೆಪಾಡಿಗೆ ಹೊರಟ ಮೊದಲನೆಯ ಕುಟುಂಬ ಅದೇ ತಾನೆ? ಅವರಿಗೆ ವರ್ಷಕ್ಕೊಮ್ಮೆ ರಜೆ ಹಾಕಿ ಊರಿಗೆ ಹೋಗುವ ಸೌಕರ್ಯವೂ ಇರಲಿಲ್ಲ. ಅಲ್ಲಲ್ಲಿ ಬಳ್ಳಿ, ವಿಚಿತ್ರ ಪ್ರಾಣಿಗಳು.

ನಾನು ಹೇಳುತ್ತಿರುವ ಸಹಿ ಇರುವುದು ಮತ್ತೊಂದು ಮುಖದಲ್ಲಿ. ಅಲ್ಲಿ ಪಟ್ಟಿಯೊಂದರ ಮೇಲೆ ಒಂದು ಸಾಲು ಬರಹ. ಅದರ ಕೆಳಗೆ, ಬಳ್ಳಿಯ ನಡುವೆ, ಸುತ್ತಿಗೆ ಉಳಿ ಹಿಡಿದು ಕೆಲಸದಲ್ಲಿ ಮುಳುಗಿರುವ ಒಬ್ಬ ಕುಳ್ಳ ಮನುಷ್ಯ. ಬರಹ ಹೇಳುವುದು ಇಷ್ಟೆ: ರಿಕರ್ತ್ ನನ್ನನ್ನು ಮಾಡಿದ, ಈ ಚೆಲುವಿಗೆ ನನ್ನನ್ನು ತಂದ. ನಡುವಿನ ಒಂದು ಪದದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ರಿಕರ್ತ್ ಎಂದರೆ ಈಗಿನ ರಿಚರ್ಡ್. ಎರಡು ತುಂಡುಗಳೂ ಪ್ರಾಸದಲ್ಲಿ ಮುಗಿಯುತ್ತವೆ. ಮಾತಾಡುತ್ತಿರುವುದು ಶಿಲ್ಪಿ ಅಲ್ಲ, ಬಾನಿಯೇ ತನ್ನನ್ನು ಮಾಡಿದವನ ಹೆಸರು ಹೇಳುತ್ತಿದೆ.

ಶಿಲ್ಪಿ ಹೆಸರು ಕೊರೆಯುವುದು ನಮಗೇನೂ ಹೊಸದಲ್ಲ. ಅದೇ ಶತಮಾನದಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯಲ್ಲಿ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಬಿಟ್ಟುಹೋಗಿದ್ದಾರೆ. ದಾಸೋಜ ತಾನು ಬಳ್ಳಿಗಾವೆಯವನು ಎಂದೂ ಬರೆಸಿಕೊಂಡಿದ್ದಾನೆ. ಕೆಲಸ ಬೇಲೂರಿನಲ್ಲಾದರೂ ಊರಿನ ಹೆಸರು ಬಿಡಲಿಲ್ಲ. ಮುಂಬಯಿಯ ನಮ್ಮವರು ಅರ್ಧ ಶತಮಾನ ಕಳೆದ ಮೇಲೂ ಹೆಸರಿನ ಹಿಂದೆ ಊರು ಅಂಟಿಸಿಕೊಂಡಿರುವ ಹಾಗೆ.

ರಿಚರ್ಡ್ ತನ್ನ ಊರು ಬರೆದಿಲ್ಲ. ಆದರೆ ಅವನ ಅಕ್ಷರ ಬೇರೆಯೇ ಒಂದು ಊರಿನ ಕಥೆ ಹೇಳುತ್ತದೆ. ಬರಹದ ಭಾಷೆ ಆ ಕಾಲದ ಇಂಗ್ಲಿಷ್. ಲಿಪಿ ಮಾತ್ರ ಹೆಚ್ಚಾಗಿ ರೂನ್, ಅಂದರೆ ಸ್ಕ್ಯಾಂಡಿನೇವಿಯಾದವರ ಹಳೆಯ ಲಿಪಿ. ಮರದ ಮೇಲೆ, ಕಲ್ಲಿನ ಮೇಲೆ ಕೊರೆಯಲು ಅನುಕೂಲವಾಗುವಂತೆ ನೆಟ್ಟಗೆ, ಓರೆಯಾಗಿ ಗೀಟುಗಳಲ್ಲೇ ಬರೆಯುವ ಅಕ್ಷರ. ನಮ್ಮ ಅಕ್ಷರಗಳು ತಾಳೆಗರಿ ಹರಿಯದಿರಲೆಂದು ಗುಂಡಗಾದವು ಎನ್ನುತ್ತಾರೆ, ಅವರದು ಅದಕ್ಕೆ ಪೂರ್ತಿ ತದ್ವಿರುದ್ಧ. ರೂನ್‌ನಲ್ಲಿ ಇಲ್ಲದ ಧ್ವನಿಗಳು ಬಂದಾಗ ರಿಚರ್ಡ್ ಇಂಗ್ಲಿಷ್ ಹಸ್ತಪ್ರತಿಗಳ ಒಂದೆರಡು ಅಕ್ಷರಗಳನ್ನು ಸಾಲ ತಂದಿದ್ದಾನೆ. ‘ಮತ್ತು’ ಎನ್ನುವಲ್ಲಿ 7ರ ಹಾಗೆ ಕಾಣುವ ಒಂದು ಗುರುತು ಹಾಕಿದ್ದಾನೆ. ಅದು ರೋಮಿನ ಸಿಸೆರೋನ ಕಾರ್ಯದರ್ಶಿ ಟೈರೋ ಎಂಬಾತನ ಹೆಸರಿನಲ್ಲಿರುವ ಶಾರ್ಟ್‌ಹ್ಯಾಂಡಿನಿಂದ ಬಂದದ್ದು! ಒಂದೇ ಸಾಲಿನಲ್ಲಿ ಇಷ್ಟೊಂದು ಕಲಬೆರಕೆ.

ಇದಕ್ಕೆ ಕಾರಣ ಆ ಸೀಮೆಯ ಚರಿತ್ರೆಯಲ್ಲಿದೆ. 10ನೇ ಶತಮಾನದಲ್ಲಿ ನಾರ್ಸ್ ಜನ, ಬಹುಮಟ್ಟಿಗೆ ಐರ್ಲೆಂಡ್ ಮತ್ತು ಮ್ಯಾನ್ ದ್ವೀಪದ ಕಡೆಯಿಂದ, ಕಂಬ್ರಿಯಾಕ್ಕೆ ಬಂದು ನೆಲೆ ನಿಂತರು. ಬಂದವರು ಗುಡ್ಡ ಹಳ್ಳಗಳಿಗೆಲ್ಲ ತಮ್ಮ ಹೆಸರಿಟ್ಟರು. ಅಲ್ಲಿ ಇವತ್ತಿಗೂ ಗುಡ್ಡ ಅಂದರೆ ಫೆಲ್, ತೊರೆ ಅಂದರೆ ಬೆಕ್. ಬ್ರೈಡ್‌ಕರ್ಕ್ ಎಂಬ ಹೆಸರನ್ನೇ ನೋಡಿ. ಬ್ರೈಡ್ ಎಂದರೆ ಐರ್ಲೆಂಡಿನ ಸಂತೆ ಬ್ರಿಜೆಟ್, ಕರ್ಕ್ ಎಂಬುದು ನಾರ್ಸ್ ಜನರ ಚರ್ಚು. ರಿಚರ್ಡ್ ಎಂಬ ಹೆಸರು ಆ ಸೀಮೆಗೆ ಬಂದದ್ದು ನಾರ್ಮನ್ನರ ಜೊತೆಯಲ್ಲಿ. ಸಾಲದ್ದಕ್ಕೆ 1136ರಿಂದ 1157ರವರೆಗೆ ಕಾರ್ಲೈಲ್ ಸುತ್ತಿನ ನಾಡು ಸ್ಕಾಟ್ಲೆಂಡಿನ ಅರಸನ ಕೈಯಲ್ಲಿತ್ತು. ಇಂತಲ್ಲಿ ಒಬ್ಬ ಕಲ್ಲುಕುಟಿಗ ನಾರ್ಮನ್ ಹೆಸರಿಟ್ಟುಕೊಂಡು, ಇಂಗ್ಲಿಷ್ ಮಾತಾಡುತ್ತಾ, ನಾರ್ಸ್ ಅಕ್ಷರದಲ್ಲಿ ಸಹಿ ಹಾಕಿದರೆ ಅದರಲ್ಲಿ ವಿಶೇಷವೇನೂ ಇರಲಾರದು. ನಮ್ಮ ದಾದರ್ ಸ್ಟೇಶನ್ನಿನಲ್ಲಿ ನಿಂತವನಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ.

ಕಾರ್ಲೈಲ್‌ನ ಕೆಥೀಡ್ರಲ್ ಗೋಡೆಯ ಮೇಲೆ ರೂನ್‌ನಲ್ಲಿ ಇನ್ನೊಂದು ಗೀಚು ಇದೆ. ಈ ಅಕ್ಷರಗಳನ್ನು ಈ ಕಲ್ಲಿನ ಮೇಲೆ ಬರೆದವನು ಡಾಲ್ಫಿನ್ ಎಂಬ ಒಂದೇ ಮಾತು. ಅಲ್ಲಿ ಅಕ್ಷರವೂ ನಾರ್ಸ್, ಭಾಷೆಯೂ ನಾರ್ಸ್. ಇಪ್ಪತ್ತೈದು ಮೈಲಿ ಆಚೆಯ ಬ್ರೈಡ್‌ಕರ್ಕ್‌ನಲ್ಲಿ ಅಕ್ಷರ ಮಾತ್ರ ಉಳಿದಿದೆ, ಮಾತು ಇಂಗ್ಲಿಷಾಗಿದೆ. ಊರು ಬಿಟ್ಟು ಬಂದವರ ಮನೆಯಲ್ಲಿ ಎಲ್ಲವೂ ಒಂದೇ ದಿನ ಹೋಗುವುದಿಲ್ಲ. ಒಂದು ಹೋಗುತ್ತದೆ, ಒಂದು ಉಳಿಯುತ್ತದೆ. ಯಾವುದು ಮೊದಲು ಹೋಗಬೇಕೆಂದು ನಮ್ಮನ್ನು ಯಾರೂ ಕೇಳುವುದಿಲ್ಲ.

ಆಮೇಲೆ ಅಕ್ಷರವೂ ಹೋಯಿತು. ವಿಲಿಯಂ ಕ್ಯಾಮ್ಡನ್ ಎಂಬ ಇತಿಹಾಸಕಾರ ನಾಲ್ಕು ಶತಮಾನಗಳ ಹಿಂದೆ ಈ ಬಾನಿಯ ಬಗ್ಗೆ ಬರೆದಾಗ, ಇದು ಯಾವ ಜನಾಂಗದ ಲಿಪಿಯೋ ತನಗೆ ತಿಳಿಯದು, ಬಲ್ಲವರು ಹೇಳಲಿ ಎಂದು ಕೈಚೆಲ್ಲಿದ. 1685ರಲ್ಲಿ, ಮುಂದೆ ಕಾರ್ಲೈಲ್‌ನ ಬಿಷಪ್ ಆದ ವಿಲಿಯಂ ನಿಕೋಲ್ಸನ್ ಅದನ್ನು ಓದಿ ಅರ್ಥ ಹೇಳಿದ. ಎಕಾರ್ಡ್ ಎಂಬವನು ಇಲ್ಲಿ ಮತಾಂತರವಾದ, ಅವನನ್ನು ನೋಡಿ ಡೇನರೂ ಆ ದಾರಿಗೆ ಬಂದರು ಎಂದು. ಪಾಪ, ರಿಚರ್ಡ್ ಹೇಳಿದ್ದು ‘ನಾನು ಮಾಡಿದ್ದು’ ಅಂತ ಅಷ್ಟೆ. ಅದರಿಂದ ಒಬ್ಬ ಹೊಸ ಮನುಷ್ಯನೂ ಒಂದು ಮತಾಂತರದ ಕಥೆಯೂ ಹುಟ್ಟಿಕೊಂಡವು. ಸರಿಯಾದ ಓದು ಸ್ಥಿರವಾಗಲು 19ನೇ ಶತಮಾನ ಬರಬೇಕಾಯಿತು. ಸಹಿ ಅಲ್ಲೇ ಇತ್ತು, ಕಣ್ಣೆದುರಿಗೇ ಇತ್ತು, ಸ್ಪೆಸಿಮನ್ ಕಾರ್ಡು ಕಳೆದುಹೋಗಿತ್ತು.

ಈ ಚರಿತ್ರೆಯನ್ನೆಲ್ಲ ಅಲ್ಲಿಂದ ಬಂದ ಮೇಲೆ ಓದಿಕೊಂಡದ್ದು. ಬಾನಿಯ ಮುಂದೆ ನಿಂತಾಗ ನನಗೆ ಗೊತ್ತಿದ್ದದ್ದು ಅಳಿಯ ಮೊಬೈಲ್ ನೋಡಿ ಹೇಳಿದ ನಾಲ್ಕು ಮಾತು ಮಾತ್ರ. ಅಲ್ಲಿ ಹೂ ಜೋಡಿಸುತ್ತಿದ್ದ ವಯಸ್ಸಾದ ಹೆಂಗಸೊಬ್ಬರು ನಮ್ಮನ್ನು ನೋಡಿ ನಕ್ಕು, ತನಗೂ ಇದರಲ್ಲೇ ದೀಕ್ಷಾಸ್ನಾನ ಆದದ್ದು ಎಂದು ಬಾನಿಯ ಅಂಚನ್ನು ತಟ್ಟಿದರು, ಮನೆಯ ಎಮ್ಮೆಯ ಬೆನ್ನು ತಟ್ಟುವ ಹಾಗೆ. ನನ್ನ ಮೊಮ್ಮಗನಿಗೆ ಆಗ ಏಳು ವರ್ಷ. ಅವನು ನೆಲದ ಮೇಲೆ ಕೂತು ಆ ಸಾಲನ್ನು ದಿಟ್ಟಿಸುತ್ತಿದ್ದ. ರೂನ್‌ನ ಒಂದೆರಡು ಅಕ್ಷರಗಳು ಇಂಗ್ಲಿಷಿನ ಆರ್, ಬಿ ಹಾಗೆಯೇ ಇವೆ. ಅವು ಸಿಕ್ಕಿದಾಗ ಕುಣಿದ. ಉಳಿದವು ಸಿಗಲಿಲ್ಲ. ತಿರುಗಿ ನನ್ನನ್ನು ನೋಡಿ ಕೇಳಿದ, “ಅಜ್ಜಾ, ಇದು ನಿಮ್ಮ ಅಕ್ಷರವಾ? ನಿಮಗೆ ಓದ್ಲಿಕ್ಕೆ ಬರ್ತದಾ?”

ಕೇಳಿದ್ದು ಇಂಗ್ಲಿಷಿನಲ್ಲಿ. ಅಜ್ಜಾ ಎಂಬುದು ಮಾತ್ರ ನಮ್ಮದು.

ಮಗಳು ನಕ್ಕಳು, ಅಳಿಯನೂ ನಕ್ಕರು. ನಾನೂ ನಕ್ಕೆ. ಆದರೆ ಹುಡುಗನ ಲೆಕ್ಕ ಸರಿಯಾಗಿಯೇ ಇತ್ತು. ಜಗತ್ತಿನಲ್ಲಿ ಅವನಿಗೆ ಎರಡು ಬಗೆಯ ಅಕ್ಷರ, ಒಂದು ಶಾಲೆಯದು, ಇನ್ನೊಂದು ಅಜ್ಜನದು. ಶಾಲೆಯಲ್ಲಿ ಓದಲು ಬಾರದ್ದೆಲ್ಲ ಅಜ್ಜನಿಗೆ ಬರಬೇಕು. ನಾನು ಬೆಳಿಗ್ಗೆ ಓದುವ ಕನ್ನಡ ಪುಸ್ತಕವೂ ಈ ಕಲ್ಲಿನ ಗೀಟುಗಳೂ ಅವನ ಮಟ್ಟಿಗೆ ಒಂದೇ. ತಮಾಷೆ ಎಂದರೆ ಅವನು ತೊರೆಗೆ ಬೆಕ್ ಎನ್ನುತ್ತಾನೆ, ಶಾಲೆಯ ಗೆಳೆಯರಿಂದ ಕಲಿತದ್ದು. ಸಾವಿರ ವರ್ಷದ ನಾರ್ಸ್ ಮಾತು ಒಬ್ಬ ತುಳು ಹುಡುಗನ ಬಾಯಲ್ಲಿ ಕೂತಿದೆ, ಅವನ ಮುತ್ತಜ್ಜಿಯ ಮಾತು ಕೂತಿಲ್ಲ.

ಇಲ್ಲಿ ನಮ್ಮ ಮನೆಯ ಭಾಷೆಯ ವಿಷಯ ಹೇಳಬೇಕು. ನಾವು ಮಾತಾಡುವುದು ತುಳು, ಓದುವುದು ಬರೆಯುವುದು ಕನ್ನಡ. ತುಳುವಿಗೂ ತಿಗಳಾರಿಯ ಬಳಗದ ಒಂದು ಹಳೆಯ ಲಿಪಿ ಉಂಟು. ತಾಳೆಗರಿಯ ಆ ಲಿಪಿಗೆ ಕಂಪ್ಯೂಟರಿನ ಯೂನಿಕೋಡ್ ಪಟ್ಟಿಯಲ್ಲಿ 2024ರ ಸೆಪ್ಟೆಂಬರಿನಲ್ಲಿ ಜಾಗ ಸಿಕ್ಕಿತು. ರೂನ್ ಲಿಪಿಗೆ ಅದು ಸಿಕ್ಕಿದ್ದು 1999ರಲ್ಲಿ! 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು 1841ರಲ್ಲಿ ಮುದ್ರಣಾಲಯ ಹಾಕಿದರು. ಅವರು ತುಳುವನ್ನು ಕನ್ನಡ ಲಿಪಿಯಲ್ಲಿ ಅಚ್ಚು ಮಾಡಿದರು, ಅದೇ ರೂಢಿಯಾಯಿತು. ನಮಗದು ಪರಕೀಯ ಅನ್ನಿಸಿದ್ದೇ ಇಲ್ಲ.

ಫೋರ್ಟ್ ಶಾಖೆಯಲ್ಲಿ ನಾನಿದ್ದಾಗ ಅಕ್ಕಪಕ್ಕದ ಕೌಂಟರಿನಲ್ಲಿ ಇಬ್ಬರು ಕೊಂಕಣಿ ಕ್ರೈಸ್ತರಿದ್ದರು, ಒಬ್ಬರು ಮಂಗಳೂರಿನವರು, ಒಬ್ಬರು ಗೋವಾದವರು. ಇಬ್ಬರೂ ಇಡೀ ದಿನ ಕೊಂಕಣಿಯಲ್ಲಿ ಹರಟೆ. ಮಂಗಳೂರಿನವರು ‘ರಾಕ್ಣೊ’ ವಾರಪತ್ರಿಕೆ ತರಿಸುತ್ತಿದ್ದರು, ಕೊಂಕಣಿ ಭಾಷೆ, ಕನ್ನಡ ಲಿಪಿ. ಗೋವಾದವರು ಅದನ್ನು ತಲೆಕೆಳಗೆ ಹಿಡಿದರೂ ಗೊತ್ತಾಗುತ್ತಿರಲಿಲ್ಲ. ಅವರ ಪ್ರಾರ್ಥನೆಯ ಪುಸ್ತಕ ರೋಮನ್ ಲಿಪಿಯದು. ನಾನು ‘ರಾಕ್ಣೊ’ವನ್ನು ಗಟ್ಟಿಯಾಗಿ ಓದುತ್ತಿದ್ದೆ, ನನಗೆ ಅರ್ಥವಾಗುತ್ತಿದ್ದದ್ದು ಅಷ್ಟಕ್ಕಷ್ಟೆ. ಗೋವಾದವರು ಕೇಳಿ ಪೂರ್ತಿ ಅರ್ಥ ಮಾಡಿಕೊಳ್ಳುತ್ತಿದ್ದರು. ಅಕ್ಷರ ಬಲ್ಲವನಿಗೆ ಭಾಷೆ ಇಲ್ಲ, ಭಾಷೆ ಬಲ್ಲವನಿಗೆ ಅಕ್ಷರ ಇಲ್ಲ, ಆದರೂ ಊಟದ ಬಿಡುವಿನಲ್ಲಿ ಸುದ್ದಿ ತಲುಪುತ್ತಿತ್ತು. ಒಬ್ಬ ಓದುವವನು, ಒಬ್ಬ ಕೇಳುವವನು ಇದ್ದರೆ ಆಯಿತು.

ಮಗಳು ಮುಂಬಯಿಯಲ್ಲೇ ಹುಟ್ಟಿ ಬೆಳೆದವಳು. ಅವಳಿಗೆ ತುಳು ನೀರು ಕುಡಿದ ಹಾಗೆ ಬರುತ್ತದೆ, ಕನ್ನಡ ಅಕ್ಷರ ಬರುವುದಿಲ್ಲ. ಮೊಮ್ಮಗನಿಗೆ ಎರಡೂ ಇಲ್ಲ, ಹತ್ತಿಪ್ಪತ್ತು ತುಳು ಪದಗಳನ್ನು ಬಿಟ್ಟರೆ. ಬಾನಿಯ ಹತ್ತಿರ ಅವನು ಕೇಳಿದ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾನು ಮುಂಬಯಿಗೆ ಮರಳಿದ ಮೇಲೆ ಕಪಾಟಿನಿಂದ ಒಂದು ಕಟ್ಟು ತೆಗೆದೆ. ಅಮ್ಮನ ಕಾಗದಗಳು. 1981ರಲ್ಲಿ ನಾನು ಮುಂಬಯಿಗೆ ಬಂದಾಗಿನಿಂದ ಅವರು ಇರುವವರೆಗೆ ಬಂದ ನೀಲಿ ಇನ್‌ಲ್ಯಾಂಡ್ ಲೆಟರುಗಳು, ಒಟ್ಟು 114.

ಅಮ್ಮನಿಗೆ ಓದು ಬರಹ ಇರಲಿಲ್ಲ, ಕನ್ನಡವೂ ಬರುತ್ತಿರಲಿಲ್ಲ. ಅವರು ಜಗಲಿಯಲ್ಲಿ ಕೂತು ತುಳುವಿನಲ್ಲಿ ಹೇಳುವುದು, ನೆರೆಮನೆಯ ಶಾಲೆ ಹುಡುಗ ಅದನ್ನು ಕನ್ನಡ ಮಾಡಿ ಬರೆಯುವುದು. ಹುಡುಗನಿಗೆ ಶಾಲೆಯಲ್ಲಿ ಪತ್ರಲೇಖನ ಕಲಿಸಿದ್ದರು. ಆದ್ದರಿಂದ ಎಲ್ಲ ಕಾಗದಗಳೂ ಒಂದೇ ಅಚ್ಚು: ಮಗನಿಗೆ ತಾಯಿಯು ಮಾಡುವ ಆಶೀರ್ವಾದಗಳು, ಈ ಕಡೆ ಎಲ್ಲರೂ ಕ್ಷೇಮ, ನಿನ್ನ ಕ್ಷೇಮಕ್ಕೆ ಆಗಾಗ ಕಾಗದ ಬರೆಯುತ್ತಿರುವುದು, ತಾನು ಯಾವಾಗ ಊರಿಗೆ ಬರುವುದಾಗಿ ತಿಳಿಸುವುದು. ನನ್ನ ಅಮ್ಮ ಜೀವಮಾನದಲ್ಲಿ ಒಮ್ಮೆಯೂ ‘ತಿಳಿಸುವುದು’ ಎಂದು ಮಾತಾಡಿದವರಲ್ಲ. ಅವರು ಹೇಳಿದ್ದು “ಏಪ ಬರ್ಪ?” ಅಂತ. ಯಾವಾಗ ಬರ್ತೀ, ಅಷ್ಟೆ. ಡೊಂಬಿವಲಿಯ ಖೋಲಿಯಲ್ಲಿ ಕೂತು ಓದುವಾಗ ನನ್ನ ಕಿವಿಗೆ ಆ ತುಳುವೇ ಕೇಳುತ್ತಿತ್ತು, ಆದ್ದರಿಂದ ಕನ್ನಡದ ಬಿಗಿ ಅಡ್ಡ ಬರಲಿಲ್ಲ. ನಾನು ಹೋದ ಮೇಲೆ ಈ ಕಟ್ಟು ಮೊಮ್ಮಗನ ಕೈಗೆ ಸಿಕ್ಕಿತು ಅನ್ನಿ. ಅವನು ಯಾರಿಂದಲೋ ಓದಿಸಿ ಇಂಗ್ಲಿಷಿಗೆ ಮಾಡಿಸಿಕೊಂಡರೂ ಸಿಗುವುದು ನೆರೆಮನೆಯ ಹುಡುಗನ ಪತ್ರಲೇಖನ. ನಿಕೋಲ್ಸನ್‌ಗೆ ರಿಚರ್ಡ್ ಹೋಗಿ ಎಕಾರ್ಡ್ ಸಿಕ್ಕಿದ ಹಾಗೆ.

ಅದಕ್ಕೆ ಈಗ ಒಂದು ಕೆಲಸ ಹಿಡಿದಿದ್ದೇನೆ. ಒಂದೊಂದೇ ಕಾಗದ ಬಿಡಿಸಿ, ಆ ಕನ್ನಡದ ಹಿಂದೆ ಅಮ್ಮ ಏನು ಹೇಳಿರಬೇಕೋ ಅದನ್ನು ತುಳುವಿನಲ್ಲಿ ಬರೆಯುತ್ತೇನೆ. ಲಿಪಿ ಇಂಗ್ಲಿಷಿನದು, ಹುಡುಗನಿಗೆ ಬರುವುದು ಅದೇ. ಇಂಗ್ಲಿಷಿನಲ್ಲಿ ನಮ್ಮ ‘ಳ’ ಇಲ್ಲ, ತುಳುವಿನ ಪದದ ಕೊನೆಯಲ್ಲಿ ಅರ್ಧಕ್ಕೇ ನಿಲ್ಲುವ ಉಕಾರವೂ ಇಲ್ಲ. ರಿಚರ್ಡ್‌ನ ದಾರಿಯನ್ನೇ ಹಿಡಿದು ಅಂಥಲ್ಲಿ ಕನ್ನಡದ ಒಂದೊಂದು ಅಕ್ಷರ ಸೇರಿಸುತ್ತೇನೆ. ಭಾನುವಾರ ವಿಡಿಯೋ ಕಾಲ್‌ನಲ್ಲಿ ಹುಡುಗ ಒಂದೊಂದು ಸಾಲು ಓದುತ್ತಾನೆ. “ಒಣಸ್ ಆಂಡಾ?” ಎಂದು ಅವನು ಕಾರ್ಲೈಲ್‌ನ ರಾಗದಲ್ಲಿ ಕೇಳುತ್ತಾನೆ, ಅವನ ಮುತ್ತಜ್ಜಿ ಪ್ರತಿ ಕಾಗದದಲ್ಲೂ ಕೇಳುತ್ತಿದ್ದ ಪ್ರಶ್ನೆ, ಊಟ ಆಯ್ತಾ ಅಂತ. ‘ಳ’ ಬಂದಾಗ ಅವನ ನಾಲಗೆ ಎಡವುತ್ತದೆ, ಹಿಂದಿನಿಂದ ಮಗಳು ತಿದ್ದುತ್ತಾಳೆ. ಕೆಲವು ಸಲ ನನ್ನ ತುಳುವನ್ನೂ ತಿದ್ದುತ್ತಾಳೆ, ಅಜ್ಜಿ ಹಾಗೆ ಹೇಳ್ತಿರಲಿಲ್ಲ ಪಪ್ಪಾ ಅಂತ. ಇದುವರೆಗೆ 31 ಕಾಗದಗಳು ಆಗಿವೆ.

ಒಂದು ಕಡೆ ಮಾತ್ರ ಸಿಕ್ಕಿಬಿದ್ದಿದ್ದೆ. ಪ್ರತಿ ಕಾಗದದ ಕೊನೆಗೂ ಹುಡುಗ ‘ಇಂತಿ ನಿನ್ನ ತಾಯಿ’ ಎಂದು ಬರೆದಿದ್ದಾನೆ. ಸಹಿಯ ಜಾಗ ಅದು, ಬ್ಯಾಂಕಿನವನು ಅದನ್ನು ಹಾಗೇ ಬಿಡುವ ಹಾಗಿಲ್ಲ. ಆದರೆ ತುಳುವಿನಲ್ಲಿ ಯಾವ ತಾಯಿಯೂ ಹಾಗೆ ಹೇಳಿ ಮಾತು ಮುಗಿಸುವುದಿಲ್ಲ. ಊರಿನಲ್ಲಿರುವ ಅಕ್ಕನಿಗೆ ಫೋನು ಮಾಡಿ, ಅಮ್ಮ ಕಾಗದ ಬರೆಸುವಾಗ ಕೊನೆಯಲ್ಲಿ ಹುಡುಗನಿಗೆ ಏನು ಹೇಳುತ್ತಿದ್ದರು ನೆನಪುಂಟಾ ಎಂದು ಕೇಳಿದೆ. ಅಕ್ಕನಿಗೆ ಯೋಚಿಸುವ ಅಗತ್ಯವೇ ಬೀಳಲಿಲ್ಲ. “ಯಾವು, ಬೇತೆ ದಾಲ ಇಜ್ಜಿ” ಅಂತಿದ್ದರಂತೆ, ಸೆರಗು ಕೊಡವಿ ಏಳುತ್ತಾ. ಸಾಕು, ಬೇರೆ ಏನೂ ಇಲ್ಲ.

ಈಗ ಪ್ರತಿ ಕಾಗದದ ಕೆಳಗೂ ಅದನ್ನೇ ಬರೆಯುತ್ತಿದ್ದೇನೆ.